ಓಡುವ ಕಾರಿನ ಫೋಟೋ ಕೆಟ್ಟರೆ ಮೊದಲು ಕ್ರೋಮ್ ಮೇಲಿನ ಚುಕ್ಕೆ ನೋಡಿ

ಹಳೇ ಇಟಾಲಿಯನ್ ಸ್ಪೋರ್ಟ್ಸ್ ಕಾರು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ದಿನಾ ಕಾಣುವ ವಸ್ತುವಲ್ಲ. ಯಾರೋ ಮಾಲೀಕರು ಭಾನುವಾರ ಬೆಳಿಗ್ಗೆ ಗಾಡಿ ಹೊರಗೆ ತೆಗೆದಾಗ, ಇಲ್ಲಾ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಳೇ ಕಾರುಗಳ ಗುಂಪು ಹಾದುಹೋಗುವಾಗ ಮಾತ್ರ ಅವಕಾಶ. ಹಾಗಾಗಿ ಪ್ಯಾನಿಂಗ್ ಫೋಟೋ, ಅಂದರೆ ಓಡುವ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆದ ಫೋಟೋ, ಕೆಟ್ಟಾಗ ಬೇಜಾರು ಜಾಸ್ತಿ. ಆ ಬೇಜಾರಿನಲ್ಲಿ ಜನ ಮಾಡುವ ಕೆಲಸ ಒಂದೇ, ಸೆಟ್ಟಿಂಗ್ ಎಲ್ಲಾ ಒಟ್ಟಿಗೆ ಬದಲಾಯಿಸುವುದು. ಶಟರ್ ಏರಿಸುತ್ತಾರೆ, ಐಎಸ್ಒ ಏರಿಸುತ್ತಾರೆ, ಫೋಕಸ್ ಮೋಡ್ ಬದಲಾಯಿಸುತ್ತಾರೆ, ಕೊನೆಗೆ ಲೆನ್ಸೇ ಸರಿಯಿಲ್ಲ ಅಂತ ತೀರ್ಮಾನಿಸುತ್ತಾರೆ. ಇದರಿಂದ ಏನು ಕೆಟ್ಟಿತ್ತು ಅನ್ನುವುದು ಯಾವತ್ತೂ ಗೊತ್ತಾಗುವುದಿಲ್ಲ.

ತಪ್ಪು ಎಲ್ಲಿದೆ ಅಂತ ಫೋಟೋದಲ್ಲೇ ಬರೆದಿರುತ್ತದೆ. ಅದನ್ನು ಓದಬೇಕು, ಅಷ್ಟೇ.

ಕಂಪ್ಯೂಟರ್‌ನಲ್ಲಿ ಫೋಟೋ ತೆರೆದು 100% ಜೂಮ್ ಮಾಡಿ. ಕಾರಿನ ಮೇಲೆ ಬಿಸಿಲು ಬಿದ್ದು ಫಳಫಳ ಅನ್ನುವ ಒಂದು ಸಣ್ಣ ಚುಕ್ಕೆ ಹುಡುಕಿ. ಹಳೇ ಇಟಾಲಿಯನ್ ಕಾರಿನಲ್ಲಿ ಇದಕ್ಕೆ ಬರವಿಲ್ಲ, ಹೆಡ್‌ಲೈಟ್ ಸುತ್ತಲಿನ ಬಳೆ, ಬಂಪರ್ ತುದಿ, ಬಾಗಿಲ ಹಿಡಿಕೆ, ಗಾಜಿನ ಚೌಕಟ್ಟು ಎಲ್ಲಾ ಕ್ರೋಮ್. ಚಕ್ರದ ಮೇಲಿನ ಚುಕ್ಕೆ ಬೇಡ, ಅದು ತಿರುಗುವ ಜಾಗ. ಬಾಡಿಯ ಮೇಲಿನದ್ದೇ ಆಗಬೇಕು. ಆ ಚುಕ್ಕೆ ಈಗ ಯಾವ ಆಕಾರದಲ್ಲಿದೆ? ಅಡ್ಡಗೆರೆಯಾಗಿ ಎಳೆದುಕೊಂಡಿದೆಯಾ, ಮೇಲೆ-ಕೆಳಗೆ ನಿಂತ ಗೆರೆಯಾ, ಕೊಕ್ಕೆ ತರಹ ಡೊಂಕಾಗಿದೆಯಾ, ಗೆರೆಯೇ ಇಲ್ಲದೆ ದುಂಡಗೆ ಉಬ್ಬಿದೆಯಾ? ಒಂದೊಂದಕ್ಕೂ ಒಂದೊಂದು ಕಾರಣ. ಮೂತಿಯ ಹತ್ತಿರ ಒಂದು, ಬಾಗಿಲ ಹತ್ತಿರ ಒಂದು, ಡಿಕ್ಕಿಯ ಹತ್ತಿರ ಒಂದು, ಹೀಗೆ ಮೂರು ಚುಕ್ಕೆ ನೋಡಿ. ಮೂರೂ ಒಂದೇ ತರಹ ಇವೆಯೋ ಬೇರೆ ಬೇರೆಯೋ ಅನ್ನುವುದೂ ಮುಖ್ಯ.

ಉದಾಹರಣೆಗೆ ಇಲ್ಲಿ ಒಂದೇ ಕಾರು ಇಟ್ಟುಕೊಳ್ಳೋಣ. 1966ರಲ್ಲಿ ಜಿನೀವಾ ಮೋಟಾರ್ ಶೋನಲ್ಲಿ ಬಂದ ಆಲ್ಫಾ ರೋಮಿಯೋ ಸ್ಪೈಡರ್, ಡ್ಯುಯೆಟ್ಟೋ ಅಂತ ಕರೆಯುವ ಮೊದಲ ಮಾದರಿ. ಪಿನಿನ್‌ಫರೀನಾ ವಿನ್ಯಾಸ, 1570 ಸಿಸಿ ಎಂಜಿನ್, ಐದು ಗೇರು, ಉದ್ದ 4.25 ಮೀಟರ್. ಹಿಂಭಾಗ ದೋಣಿಯ ತರಹ ದುಂಡಗೆ ಇಳಿಯುತ್ತದೆ, ಪಕ್ಕದಲ್ಲಿ ಮೂತಿಯಿಂದ ಬಾಲದವರೆಗೆ ಒಂದು ತಗ್ಗು ಓಡುತ್ತದೆ. ಆ ತಗ್ಗಿನಲ್ಲಿ ಬೆಳಕು ಜಾರುವುದನ್ನು ನೋಡಿದರೆ ನಿಂತ ಕಾರೇ ಓಡುತ್ತಿದೆ ಅನ್ನಿಸುತ್ತದೆ, ನನಗಂತೂ ಇದಕ್ಕಿಂತ ಚಂದದ ಗೆರೆ ಕಾರಿನ ಮೇಲೆ ಕಂಡಿಲ್ಲ. ಪ್ಯಾನಿಂಗ್ ಮಾಡುವಾಗ ಉಳಿಸಿಕೊಳ್ಳಬೇಕಾದದ್ದು ಈ ಗೆರೆಯನ್ನೇ.

ಕಾರು ಶಾರ್ಪ್ ಇದೆ, ಆದರೆ ನಿಂತ ಹಾಗೆ ಕಾಣುತ್ತದೆ

ಇದು ಸುಲಭದ ದೋಷ. ಚುಕ್ಕೆ ಚುಕ್ಕೆಯಾಗಿಯೇ ಇದೆ, ಹಿನ್ನೆಲೆಯ ಮರದ ಎಲೆ ಕೂಡ ಎಣಿಸಬಹುದು. ಶಟರ್ ಜೋರಾಯಿತು. ಎಷ್ಟು ಜೋರು ಅಂತ ಚಕ್ರ ಹೇಳುತ್ತದೆ. ಈ ಕಾರಿನ 15 ಇಂಚಿನ ಚಕ್ರಕ್ಕೆ ಟೈರ್ ಸೇರಿ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಐದೂವರೆ ಸುತ್ತು. ಶಟರ್ 1/1000 ಸೆಕೆಂಡ್ ಮಾತ್ರ ತೆರೆದಿದ್ದರೆ ಚಕ್ರ ತಿರುಗುವುದು 2 ಡಿಗ್ರಿ, ಅದು ನಿಂತ ಚಕ್ರವೇ. 1/125ಕ್ಕೆ 16 ಡಿಗ್ರಿ, 1/60ಕ್ಕೆ 33, 1/30ಕ್ಕೆ 66. ನನ್ನ ಕಣ್ಣಿಗೆ 30 ಡಿಗ್ರಿ ದಾಟಿದ ಮೇಲೆ ಚಕ್ರ ನಿಜವಾಗಿ ಉರುಳಿದ ಹಾಗೆ ಕಾಣುತ್ತದೆ, ಅಂದರೆ 40ರ ಸ್ಪೀಡಿಗೆ 1/60. ಗಾಡಿ 80ರಲ್ಲಿ ಬಂದರೆ 1/125 ಸಾಕು. ಹಳೇ ಗಾಡಿಯನ್ನು ಫೋಟೋಗೋಸ್ಕರ 80ಕ್ಕೆ ಓಡಿಸಿ ಅಂತ ಕೇಳಬೇಡಿ. 40ರಲ್ಲಿ ಬಂದರೂ ಶಟರ್ ಇಳಿಸಿದರೆ ಚಿತ್ರದಲ್ಲಿ ಅದು ಹಾರುತ್ತದೆ.

ಮೊಬೈಲ್‌ನಲ್ಲಿ ಈ ದೋಷ ಜಾಸ್ತಿ. ಬಿಸಿಲಿನಲ್ಲಿ ಫೋನು ತಾನಾಗಿಯೇ 1/2000ದಂಥ ಶಟರ್ ಹಾಕಿಕೊಳ್ಳುತ್ತದೆ, ಹೆಚ್ಚಿನ ಫೋನಿನಲ್ಲಿ ಲೆನ್ಸಿನ ತೂತು ಬದಲಾಗುವುದಿಲ್ಲ. ಪ್ರೋ ಮೋಡಿನಲ್ಲಿ ಶಟರ್ ಇಳಿಸಿದರೆ ಚಿತ್ರ ಬಿಳಿಚಿಕೊಳ್ಳುತ್ತದೆ. ಬೆಳಕು ಕಡಿಮೆ ಮಾಡುವ, ಲೆನ್ಸಿನ ಮೇಲೆ ಕ್ಲಿಪ್ ಮಾಡುವ ಎನ್‌ಡಿ ಫಿಲ್ಟರ್ ಹಾಕಿ, ಇಲ್ಲಾ ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚಿನ ಬೆಳಕಿನಲ್ಲಿ ತೆಗೆಯಿರಿ.

ಚುಕ್ಕೆ ಅಡ್ಡಗೆರೆಯಾಗಿದೆ

ಹತ್ತರಲ್ಲಿ ಏಳೆಂಟು ಜನರ ತೊಂದರೆ ಇದೇ ಇರುತ್ತದೆ. ಮೂರೂ ಚುಕ್ಕೆ ಒಂದೇ ಉದ್ದದ ಅಡ್ಡಗೆರೆಯಾಗಿದ್ದರೆ ಫೋಕಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕಾರು ಓಡಿದ ವೇಗಕ್ಕೂ ನೀವು ಕ್ಯಾಮೆರಾ ತಿರುಗಿಸಿದ ವೇಗಕ್ಕೂ ತಾಳೆ ಬಿದ್ದಿಲ್ಲ.

ನೀವು ಹಿಂದೆ ಬಿದ್ದಿರೋ, ಮುಂದೆ ಹೋದಿರೋ? ಒಂದೇ ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ. ಒಂದರ ಹಿಂದೆ ಒಂದು ತೆಗೆದ ನಾಲ್ಕೈದು ಫ್ರೇಮ್ ಸಾಲಾಗಿ ಇಟ್ಟು ನೋಡಿ. ಕಾರು ಎಡದಿಂದ ಬಲಕ್ಕೆ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ಫ್ರೇಮಿನಿಂದ ಫ್ರೇಮಿಗೆ ಹೆಡ್‌ಲೈಟ್ ಬಲ ಅಂಚಿನ ಹತ್ತಿರ ಹೋಗುತ್ತಿದ್ದರೆ ಕಾರು ನಿಮ್ಮನ್ನು ಬಿಟ್ಟು ಓಡುತ್ತಿದೆ. ಎಡಕ್ಕೆ ಸರಿಯುತ್ತಿದ್ದರೆ ನೀವೇ ಅವಸರ ಮಾಡುತ್ತಿದ್ದೀರಿ. ಹೆಚ್ಚಿನವರು ಹಿಂದೆ ಬೀಳುತ್ತಾರೆ, ಅದರಲ್ಲೂ ಬಟನ್ ಒತ್ತಿದ ಕ್ಷಣಕ್ಕೆ. ಒತ್ತಿದ ಕೂಡಲೇ ಕೆಲಸ ಮುಗಿಯಿತು ಅಂತ ಕೈ ನಿಂತುಬಿಡುತ್ತದೆ.

ಸರಿ ಮಾಡುವುದು ಕಾಲಿನಿಂದ ಶುರು. ಕಾರು ನಿಮ್ಮ ಎದುರಿಗೆ ಬಂದಾಗ ಫೋಟೋ ಬೇಕು ಅಲ್ವಾ, ಹಾಗಾದರೆ ಪಾದ ಆ ಜಾಗಕ್ಕೇ ಮುಖ ಮಾಡಿರಬೇಕು. ನಿಂತ ಜಾಗದಲ್ಲೇ ಸೊಂಟದಿಂದ ಮೇಲೆ ತಿರುಗಿ, ದೂರದಲ್ಲಿ ಬರುತ್ತಿರುವ ಕಾರನ್ನು ಹಿಡಿಯಿರಿ. ಮೈ ಆಗ ತಿರುಚಿಕೊಂಡಿರುತ್ತದೆ. ಕಾರು ಹತ್ತಿರ ಬಂದ ಹಾಗೆ ತಿರುಚು ಬಿಚ್ಚಿಕೊಳ್ಳುತ್ತಾ ಬರುತ್ತದೆ, ಎದುರಿಗೆ ಬಂದಾಗ ಮೈ ನೆಟ್ಟಗೆ, ಹಗುರ. ಮೊಣಕೈ ಪಕ್ಕೆಗೆ ಅಂಟಿಸಿ. ಕ್ಲಿಕ್ ಆದ ಮೇಲೂ ಕಾರು ಆ ಕಡೆ ದೂರ ಹೋಗುವ ತನಕ ತಿರುಗುತ್ತಲೇ ಇರಿ. ಇದನ್ನು ಉಲ್ಟಾ ಮಾಡಿ, ಕಾರು ಬರುವ ದಿಕ್ಕಿಗೆ ಪಾದ ಇಟ್ಟು ನಿಂತರೆ, ಫೋಟೋ ತೆಗೆಯುವ ಹೊತ್ತಿಗೇ ಸೊಂಟ ಬಿಗಿದು ಜಗ್ಗುತ್ತದೆ.

ಮಿರರ್‌ಲೆಸ್ ಕ್ಯಾಮೆರಾ ಇದ್ದವರಿಗೆ ಇನ್ನೊಂದು ಕಾರಣ ಇರುತ್ತದೆ, ಇದು ಕೈಯ ತಪ್ಪಲ್ಲ. ಅತಿ ಜೋರಿನ ಬರ್ಸ್ಟ್ ಮೋಡಿನಲ್ಲಿ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಸಾಲಾಗಿ ಫೋಟೋ ತೆಗೆಯುವ ಮೋಡ್) ಕೆಲವು ಕ್ಯಾಮೆರಾಗಳು ವ್ಯೂಫೈಂಡರ್‌ನಲ್ಲಿ ಈಗಿನ ದೃಶ್ಯ ತೋರಿಸುವುದಿಲ್ಲ, ಈಗಷ್ಟೇ ತೆಗೆದ ಫೋಟೋ ತೋರಿಸುತ್ತವೆ. ನೀವು ನೋಡುತ್ತಿರುವುದು ಹಳೇ ಕಾರು, ನಿಜವಾದ ಕಾರು ಆಗಲೇ ಮುಂದೆ ಹೋಗಿರುತ್ತದೆ. ಬರ್ಸ್ಟ್ ವೇಗ ಒಂದು ಹಂತ ಇಳಿಸಿ ನೋಡಿ. ಮೊದಲ ಫ್ರೇಮ್ ಚೆನ್ನಾಗಿದ್ದು ಉಳಿದವು ಕೆಡುತ್ತಾ ಹೋದರೆ ಇದೇ ಕಾರಣ ಅಂತ ಅನುಮಾನಪಡಿ.

ಡ್ರೈವರ್ ಕೂಡ ಕಾರಣ ಆಗಬಹುದು. ಕ್ಯಾಮೆರಾ ಕಂಡ ಕೂಡಲೇ ಎಕ್ಸಲರೇಟರ್ ಒತ್ತುವವರಿದ್ದಾರೆ, ನಿಧಾನ ಮಾಡಿ ನಗುವವರೂ ಇದ್ದಾರೆ. ಎದುರಿಗೆ ಬಂದಾಗಲೇ ಗೇರ್ ಬದಲಿಸಿದರೆ ಮೂತಿ ಒಮ್ಮೆ ಬಗ್ಗಿ ಏಳುತ್ತದೆ, ಆಗ ಮೂತಿಯ ಚುಕ್ಕೆ ಓರೆ ಗೆರೆಯಾಗುತ್ತದೆ, ಡಿಕ್ಕಿಯದ್ದು ಅಡ್ಡಗೆರೆಯಾಗಿಯೇ ಉಳಿಯಬಹುದು. ಮಾಲೀಕರ ಹತ್ತಿರ ಮೊದಲೇ ಮಾತಾಡಿಕೊಳ್ಳಿ: "ಕಾಕಾ, ನಲವತ್ತರಾಗ ಬರ್ರಿ, ಒಂದ ಗೇರ್‌ನಾಗ ಬರ್ರಿ, ನನ್ನ ಕಡೆ ನೋಡಬ್ಯಾಡ್ರಿ." ಇಷ್ಟು ಸಾಕು.

ಅಭ್ಯಾಸಕ್ಕೆ ನಮ್ಮ ಊರಿನಲ್ಲೇ ಒಳ್ಳೆಯ ವ್ಯವಸ್ಥೆ ಇದೆ. ಬಿಆರ್‌ಟಿಎಸ್ ಚಿಗರಿ ಬಸ್ಸು. ತನ್ನದೇ ಲೇನ್‌ನಲ್ಲಿ ಬರುತ್ತದೆ, ಸ್ಟೇಷನ್ ಬಿಟ್ಟ ಮೇಲೆ ಒಂದೇ ವೇಗ ಹಿಡಿಯುತ್ತದೆ, ಒಂದು ಹೋದರೆ ಸ್ವಲ್ಪ ಹೊತ್ತಿಗೆ ಇನ್ನೊಂದು. ಉಣಕಲ್ ಕೆರೆಯ ಹತ್ತಿರವೋ ನವನಗರದ ಹತ್ತಿರವೋ, ಎರಡು ಸ್ಟೇಷನ್‌ಗಳ ನಡುವೆ ಫುಟ್‌ಪಾತ್ ಮೇಲೆ ನಿಂತು ಬಸ್ಸಿನ ಪಕ್ಕದ ಅಕ್ಷರಗಳನ್ನು ಹಿಡಿಯಲು ನೋಡಿ. ಅಕ್ಷರ ಓದಲು ಬಂದರೆ ಪ್ಯಾನ್ ಸರಿಯಾಯಿತು. ನಡುವೆ ಬೈಕು, ಆಟೋ ಅಡ್ಡ ಬರುತ್ತವೆ, ಭಾನುವಾರ ಬೆಳಿಗ್ಗೆ ಹೋದರೆ ಕಡಿಮೆ. 1/125ರಿಂದ ಶುರು ಮಾಡಿ, ಕೈ ಕೂತ ಮೇಲೆ 1/60, ಆಮೇಲೆ 1/30. ಬಸ್ಸು ಬೇಜಾರಾದರೆ ಹಳೇ ಫಿಯಟ್ ಹುಡುಕಿ. ಪ್ರೀಮಿಯರ್ ಪದ್ಮಿನಿ ಅಂದರೆ ಇಟಲಿಯ ಫಿಯಟ್ 1100, ಮುಂಬೈಯಲ್ಲಿ ತಯಾರಾದದ್ದು. ಅದೇ ತರಹದ ಕ್ರೋಮ್, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಚಕ್ರ. ಅದರ ಮೇಲೆ ಕೈ ಕುದುರಿದರೆ ಸ್ಪೈಡರ್ ಮೇಲೂ ಕುದುರುತ್ತದೆ.

ಮೇಲೆ-ಕೆಳಗೆ ಗೆರೆ, ಇಲ್ಲಾ ಕೊಕ್ಕೆ

ನೆಟ್ಟನೆ ನಿಂತ ಗೆರೆ ಇದ್ದರೆ ನೀವು ತಿರುಗುವಾಗ ಕ್ಯಾಮೆರಾ ಏರಿಳಿದಿದೆ. ಬಟನ್ನನ್ನು ಚುಚ್ಚುವ ಬದಲು ಮೆಲ್ಲಗೆ ಒತ್ತಿ. ಮೊನೋಪಾಡ್, ಅಂದರೆ ಒಂಟಿ ಕಾಲಿನ ಸ್ಟ್ಯಾಂಡ್, ಇದ್ದರೆ ಬಳಸಿ. ರಸ್ತೆ ಹದಗೆಟ್ಟಿದ್ದರೆ ಕಾರೇ ಕುಣಿಯುತ್ತದೆ, ಅದಕ್ಕೆ ನೀವು ಏನೂ ಮಾಡಲಾಗುವುದಿಲ್ಲ, ನುಣುಪಾದ ಡಾಂಬರು ಇರುವ ತುಂಡು ಹುಡುಕಿ.

ಕೊಕ್ಕೆಯೋ ಅಂಕುಡೊಂಕೋ ಇದ್ದರೆ ಮೊದಲು ಸ್ಟೆಬಿಲೈಸರ್ ನೋಡಿ. ಸಾಮಾನ್ಯ ಮೋಡಿನಲ್ಲಿ ಅದು ನೀವು ಬೇಕಂತಲೇ ತಿರುಗಿಸುವುದನ್ನೂ ಕೈ ನಡುಕ ಅಂದುಕೊಂಡು ತಡೆಯಲು ಹೋಗಬಹುದು. ಕ್ಯಾನನ್, ಸೋನಿ ಲೆನ್ಸ್‌ಗಳ ಪಕ್ಕದಲ್ಲಿ ಮೋಡ್ 2 ಅಂತ ಇದ್ದರೆ ಅದು ಪ್ಯಾನಿಂಗ್‌ಗೆ. ಕೆಲವು ಲೆನ್ಸು ತಾವೇ ಗುರುತು ಹಿಡಿಯುತ್ತವೆ. ಯಾವುದೂ ಖಾತ್ರಿ ಇಲ್ಲದಿದ್ದರೆ ಆಫ್ ಮಾಡಿ ಒಂದು ಸುತ್ತು ತೆಗೆದು ಹೋಲಿಸಿ. ಕೊಕ್ಕೆ ಹೋಗಿ ಬರೀ ಗೆರೆ ಉಳಿದರೆ ಕಾರಣ ಸಿಕ್ಕಿತು.

ಒಂದು ತುದಿ ಶಾರ್ಪ್, ಇನ್ನೊಂದು ತುದಿ ಮಬ್ಬು

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಒಳ್ಳೆಯ ಲೆನ್ಸನ್ನು ಸುಮ್ನೆ ಬೈಯುತ್ತಾರೆ. ಬಾಗಿಲ ಹಿಡಿಕೆಯ ಚುಕ್ಕೆ ಅಚ್ಚುಕಟ್ಟಾಗಿದೆ, ಹೆಡ್‌ಲೈಟ್ ಮತ್ತು ಡಿಕ್ಕಿಯ ಚುಕ್ಕೆಗಳು ಗೆರೆಯಾಗಿವೆ. ಪ್ಯಾನ್ ಸರಿಯಾಗಿಯೇ ಇದೆ. ಕಾರು ನೇರ ಗೆರೆಯಲ್ಲಿ ಹೋಗುತ್ತದೆ, ಆದರೆ ನಿಮ್ಮ ಕ್ಯಾಮೆರಾ ನಿಂತಲ್ಲೇ ಸುತ್ತುತ್ತದೆ. ನಿಮ್ಮ ಎದುರಿಗೆ ಇರುವ ನಡುಭಾಗಕ್ಕೆ ಸರಿಹೋಗುವ ಸುತ್ತುವ ವೇಗ, ಸ್ವಲ್ಪ ದೂರದಲ್ಲಿ ಓರೆಯಾಗಿರುವ ಎರಡು ತುದಿಗಳಿಗೆ ಸರಿಹೋಗುವುದಿಲ್ಲ. ಒಂದಕ್ಕೆ ತಾಳೆ ಹಾಕಿದರೆ ಇನ್ನೊಂದು ತಪ್ಪುತ್ತದೆ.

ಹತ್ತು ಮೀಟರ್ ದೂರದಲ್ಲಿ ನಿಂತರೆ 4.25 ಮೀಟರ್ ಉದ್ದದ ಈ ಕಾರಿನ ನಡುಭಾಗಕ್ಕೂ ತುದಿಗೂ ಸುತ್ತುವ ವೇಗದಲ್ಲಿ ಶೇಕಡಾ 4ರಷ್ಟು ವ್ಯತ್ಯಾಸ. ಇಪ್ಪತ್ತು ಮೀಟರ್‌ಗೆ ಹೋದರೆ ಶೇಕಡಾ 1 ಚಿಲ್ಲರೆ. ದೂರ ಎರಡು ಪಟ್ಟು ಮಾಡಿ, ಕಾರು ಫ್ರೇಮಿನಲ್ಲಿ ಅಷ್ಟೇ ದೊಡ್ಡದಾಗಿ ಕಾಣುವ ಹಾಗೆ ಲೆನ್ಸನ್ನೂ ಎರಡು ಪಟ್ಟು ಉದ್ದ ಮಾಡಿದರೆ ತುದಿಯ ಮಬ್ಬು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಹಿಂದೆ ಸರಿಯಿರಿ. ಅಗಲದ ಲೆನ್ಸಿನಲ್ಲಿ ರಸ್ತೆ ಅಂಚಿಗೆ ಬಗ್ಗಿ ತೆಗೆದರೆ ಈ ದೋಷ ಬಂದೇ ಬರುತ್ತದೆ, ಜೊತೆಗೆ ಅಪಾಯ.

ಇನ್ನೂ ಒಳ್ಳೆಯ ಉಪಾಯ ಇದೆ, ತಿರುವಿನ ಒಳಮೈಯಲ್ಲಿ ನಿಲ್ಲುವುದು. ಕಾರು ನಿಮ್ಮ ಸುತ್ತ ಬಿಲ್ಲಿನ ಹಾಗೆ ಬಾಗಿ ಹೋಗುವಾಗ ಮೂತಿ, ಬಾಗಿಲು, ಡಿಕ್ಕಿ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಸುತ್ತುವ ವೇಗ ಬರುತ್ತದೆ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಿಗೆ ಹೋಗುವ ರಸ್ತೆ ಬಹುಪಾಲು ನೇರ, ಅಲ್ಲಿ ಇದು ಸಿಗುವುದಿಲ್ಲ. ಕಪ್ಪತಗುಡ್ಡದ ಸೆರಗಿನ ರಸ್ತೆಗಳಲ್ಲಿ, ಧಾರವಾಡದ ಏರಿಳಿತದ ಒಳರಸ್ತೆಗಳಲ್ಲಿ ಸಿಗುತ್ತದೆ. ನಿಲ್ಲುವ ಜಾಗ ರಸ್ತೆಯಿಂದ ಸಾಕಷ್ಟು ಒಳಗೆ ಇರಲಿ. ಸಾಧ್ಯವಾದರೆ ಖಾಸಗಿ ರಸ್ತೆಗೆ ಅನುಮತಿ ಪಡೆಯಿರಿ.

ಎರಡು ತುದಿಯಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ನೀವು ಕಾರು ಎದುರಿಗೆ ಬರುವ ಮೊದಲೇ, ಇಲ್ಲಾ ದಾಟಿದ ಮೇಲೆ ಒತ್ತಿದ್ದೀರಿ. ಮೂತಿಯ ಮೇಲೆ ಫೋಕಸ್ ಪಾಯಿಂಟ್ ಇಟ್ಟು ಹಿಂಬಾಲಿಸಿದ್ದರೆ ಮೂತಿ ಉಳಿದು ಬಾಲ ಹೋಗುತ್ತದೆ. ಮುಕ್ಕಾಲು ನೋಟದ ಫೋಟೋದಲ್ಲಿ, ಅಂದರೆ ಕಾರು ಓರೆಯಾಗಿ ನಿಮ್ಮ ಕಡೆ ಬರುವಾಗ, ಇದೇ ಸರಿ. ಮೂತಿಯ ಗುರಾಣಿಯಂಥ ಗ್ರಿಲ್, ಡ್ರೈವರ್ ಮುಖ ಶಾರ್ಪ್ ಇದ್ದು ಬಾಲ ಕರಗಿದರೆ ಅದು ದೋಷವಲ್ಲ, ನಾನಂತೂ ಅಂಥವನ್ನು ಇಟ್ಟುಕೊಳ್ಳುತ್ತೇನೆ.

ಚುಕ್ಕೆ ದುಂಡಗೆ ಉಬ್ಬಿದೆ

ಗೆರೆ ಯಾವ ಕಡೆಗೂ ಇಲ್ಲ, ಚುಕ್ಕೆ ಬರೀ ದಪ್ಪಗಾಗಿದೆ. ಈಗ ಫೋಕಸ್ ಮೇಲೆ ಅನುಮಾನಪಡಿ. ಕಾರಿನ ಹಿಂದಿನ ಬೇಲಿಯೋ ಮುಂದಿನ ಹುಲ್ಲೋ ಶಾರ್ಪ್ ಇದೆಯಾ ಅಂತ ನೋಡಲು ಹೋಗಬೇಡಿ, ಪ್ಯಾನ್‌ನಲ್ಲಿ ಅವೆಲ್ಲಾ ಎಳೆದುಕೊಂಡಿರುತ್ತವೆ. ಡಾಂಬರಿನ ಮೇಲೂ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಅದೇ ಜಾಗದಲ್ಲಿ ನಿಂತು, ಬೇರೆ ಯಾವ ಗಾಡಿಯನ್ನಾದರೂ 1/1000ರಲ್ಲಿ ತೆಗೆಯಿರಿ. ಅದು ಶಾರ್ಪ್ ಬಂದರೆ ಫೋಕಸ್ ಸರಿ ಇದೆ, ತೊಂದರೆ ಚಲನೆಯದ್ದು, ಮೇಲಿನ ಭಾಗಗಳಿಗೆ ವಾಪಸ್ ಹೋಗಿ. ಅದೂ ಮಬ್ಬಾದರೆ ನಿರಂತರ ಫೋಕಸ್ ಮೋಡ್ ಹಾಕಿ, ನಡುವಿನ ಸಣ್ಣ ಗುಂಪಿನ ಪಾಯಿಂಟ್ ಆರಿಸಿ, ಕಾರು ದೂರ ಇರುವಾಗಲೇ ಹಿಡಿದುಕೊಂಡು ಬನ್ನಿ. ಕಾರು ಹಾದುಹೋಗುವ ಜಾಗ ಗೊತ್ತಿದ್ದರೆ ರಸ್ತೆಯ ಮೇಲಿನ ಒಂದು ಗುರುತಿಗೆ ಮೊದಲೇ ಫೋಕಸ್ ಮಾಡಿ ಮ್ಯಾನುಯಲ್‌ಗೆ ಹಾಕುವುದು ಇನ್ನೂ ನಂಬಿಕಸ್ಥ ದಾರಿ.

ಎಲ್ಲಾ ಸರಿ ಇದ್ದೂ ಮಬ್ಬು, ಅದರಲ್ಲೂ ಕಾರಿನ ಕೆಳಭಾಗ ನೀರಿನಲ್ಲಿ ಕಂಡ ಹಾಗೆ ಅಲುಗಿದ್ದರೆ ಅದು ಕಾವು. ಮಾರ್ಚ್-ಏಪ್ರಿಲ್‌ನಲ್ಲಿ ಗದಗ, ಹಾವೇರಿ ಕಡೆಯ ಬಯಲು ರಸ್ತೆಯಲ್ಲಿ ಹತ್ತು ಗಂಟೆ ದಾಟಿದ ಮೇಲೆ ಡಾಂಬರಿನ ಮೇಲಿನ ಬಿಸಿಗಾಳಿ ಕಣ್ಣಿಗೇ ಕಾಣುತ್ತದೆ. ಲೆನ್ಸ್ ಉದ್ದ ಆದಷ್ಟೂ, ದೂರ ಹೆಚ್ಚಾದಷ್ಟೂ ಹಾಳು. ಹಿಂದೆ ಸರಿಯಿರಿ ಅಂತ ನಾನೇ ಮೇಲೆ ಹೇಳಿದ್ದಕ್ಕೆ ಇಲ್ಲಿ ಒಂದು ಗಡಿ ಬೀಳುತ್ತದೆ. ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ, ಬೆಳಿಗ್ಗೆ ಬೇಗ ಹೋಗುವುದೊಂದೇ.

ಕಾರು ಸರಿ, ಹಿನ್ನೆಲೆಯಲ್ಲಿ ವೇಗವೇ ಇಲ್ಲ

ಚಕ್ರ ತಿರುಗಿದೆ, ಚುಕ್ಕೆ ಚೊಕ್ಕವಾಗಿದೆ, ಆದರೂ ಚಿತ್ರ ಸಪ್ಪೆ. ಹಿಂದೆ ಏನಿದೆ ನೋಡಿ. ಹಿನ್ನೆಲೆ ಹತ್ತಿರ ಇದ್ದರೆ ಜಾಸ್ತಿ ಎಳೆದುಕೊಳ್ಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಿಂತಲ್ಲೇ ಕ್ಯಾಮೆರಾ ಸುತ್ತಿಸುವಾಗ ಹತ್ತಿರದ ಗೋಡೆಯೂ ದೂರದ ಗುಡ್ಡವೂ ಚಿತ್ರದಲ್ಲಿ ಅಷ್ಟಷ್ಟೇ ಎಳೆಯುತ್ತವೆ. ವ್ಯತ್ಯಾಸ ಬರುವುದು ಅಲ್ಲಿ ಎಳೆಯಲು ಏನಾದರೂ ಇದೆಯಾ ಅನ್ನುವುದರಿಂದ. ಬರೀ ಆಕಾಶ, ಸುಣ್ಣದ ಗೋಡೆ, ಬೆಳೆ ತೆಗೆದು ಹರಗಿದ ಎರೆ ಹೊಲ, ಇವುಗಳಲ್ಲಿ ಗೆರೆ ಹುಟ್ಟುವುದಿಲ್ಲ. ಬ್ಯಾಡಗಿ ಕಡೆ ಕೆಂಪಾದ ಮೆಣಸಿನಕಾಯಿ ಹೊಲ, ಹೂ ಬಿಟ್ಟ ಸೂರ್ಯಕಾಂತಿ, ಬಿಸಿಲು-ನೆರಳು ಬೆರೆತ ಬೇವಿನ ಸಾಲು, ಇವು ಬಂಗಾರದಂಥ ಹಿನ್ನೆಲೆ. ಕಾರು ಕೆಂಪಾಗಿದ್ದರೆ ಮೆಣಸಿನಕಾಯಿ ಹೊಲ ಬೇಡ, ಬೇವಿನ ಹಸಿರೇ ಇರಲಿ. ಕ್ಯಾಮೆರಾವನ್ನು ಸ್ವಲ್ಪ ಕೆಳಗಿಳಿಸಿದರೆ ಕಾರಿನ ಹಿಂದೆ ಡಾಂಬರಿನ ಬದಲು ಹಸಿರು ಬರುತ್ತದೆ, ಅಷ್ಟರಿಂದಲೇ ಎಷ್ಟೋ ಚಿತ್ರ ಬದುಕುತ್ತವೆ.

ಆಕಾಶದಲ್ಲಿ ಕಪ್ಪು ಕಲೆ, ಬಿಳಿಚಿದ ಚಿತ್ರ

ಬಿಸಿಲಿನಲ್ಲಿ ಐಎಸ್ಒ 100, 1/100, ಎಫ್ 16 ಅನ್ನುವುದು ಹಳೇ ಲೆಕ್ಕ. ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ತೂತು ಸಣ್ಣದು. 1/30 ಬೇಕು ಅಂದರೆ ಎಫ್ 29ರ ಹತ್ತಿರ ಹೋಗಬೇಕು. ಬಹಳ ಲೆನ್ಸು ಅಷ್ಟು ಮುಚ್ಚುವುದಿಲ್ಲ. ಎಫ್ 22ಕ್ಕೆ ಹೋದರೂ ಬೆಳಕು ಸಣ್ಣ ತೂತಿನಲ್ಲಿ ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ, ಜೊತೆಗೆ ಸೆನ್ಸರ್ ಮೇಲಿನ ಧೂಳು ಕಲೆಯಾಗಿ ಕಾಣುತ್ತದೆ. ಎಲ್ಲಾ ಫ್ರೇಮಿನಲ್ಲೂ ಅದೇ ಮೂಲೆಯಲ್ಲಿ ಅದೇ ಕಲೆ ಇದ್ದರೆ ಅದು ಧೂಳು, ಹಕ್ಕಿಯಲ್ಲ. ಎನ್‌ಡಿ 8 ಫಿಲ್ಟರ್ ಮೂರು ಸ್ಟಾಪ್ ಬೆಳಕು ಕಡಿಮೆ ಮಾಡುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಆಗ ಎಫ್ 10ರ ಹತ್ತಿರ ಆರಾಮಾಗಿ ತೆಗೆಯಬಹುದು. ಎನ್‌ಡಿ ಇಲ್ಲದಿದ್ದರೆ ಪೋಲರೈಸರ್ ಹಾಕಿದರೂ ಒಂದೂವರೆ-ಎರಡು ಸ್ಟಾಪ್ ಸಿಗುತ್ತದೆ, ಮುಂದಿನ ಗಾಜಿನ ಹೊಳಪೂ ಇಳಿದು ಡ್ರೈವರ್ ಮುಖ ಕಾಣುತ್ತದೆ. ಕ್ರೋಮ್ ಹೊಳಪು ಮಾತ್ರ ಅದರಿಂದ ಹೋಗುವುದಿಲ್ಲ, ಬರೀ ಲೋಹದ ಮೇಲೆ ಪೋಲರೈಸರ್ ಆಟ ನಡೆಯುವುದಿಲ್ಲ. ಹೋಗದಿರುವುದೇ ಒಳ್ಳೆಯದು, ನಮಗೆ ಆ ಚುಕ್ಕೆ ಬೇಕಲ್ಲ.

ವಿದ್ಯುತ್ ಕಂಬ ವಾಲಿದೆ, ಚಕ್ರ ಮೊಟ್ಟೆಯಾಗಿದೆ

ಹಿನ್ನೆಲೆಯ ಕಂಬಗಳೆಲ್ಲಾ ಒಂದೇ ಕಡೆ ವಾಲಿದ್ದರೆ ನೀವು ಎಲೆಕ್ಟ್ರಾನಿಕ್ ಶಟರ್ ಹಾಕಿದ್ದೀರಿ. ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ನೀವು ಕ್ಯಾಮೆರಾ ತಿರುಗಿಸಿರುತ್ತೀರಿ. ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ, ಕಂಬ ನೆಟ್ಟಗಾಗುತ್ತದೆ. ಕಾರಿನ ಚಕ್ರವೇ ಓರೆಯಾದ ಮೊಟ್ಟೆಯಂತಿದ್ದರೆ ಪ್ಯಾನ್ ಕೂಡ ತಾಳೆ ತಪ್ಪಿದೆ ಅಂತ ಅರ್ಥ. ಇದು ಹೊಸ ಕಾಯಿಲೆ ಅಲ್ಲ. ಫ್ರಾನ್ಸಿನ ಫೋಟೋಗ್ರಾಫರ್ ಜಾಕ್ ಆನ್ರಿ ಲಾರ್ಟಿಗ್ 1910ರ ದಶಕದಲ್ಲಿ ತೆಗೆದ ಒಂದು ರೇಸ್ ಕಾರಿನ ಚಿತ್ರದಲ್ಲಿ ಚಕ್ರ ಮುಂದಕ್ಕೆ ವಾಲಿ ಮೊಟ್ಟೆಯಾಗಿದೆ, ನೋಡುತ್ತಾ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಅವರ ಕ್ಯಾಮೆರಾದ ಶಟರ್ ಸೀಳು ನಿಧಾನವಾಗಿ ಸರಿಯುತ್ತಿತ್ತು, ಪ್ಯಾನ್ ಕಾರಿಗಿಂತ ಹಿಂದೆ ಬಿದ್ದಿತ್ತು. ಆ ಚಿತ್ರ ಜಗತ್ತಿಗೇ ಇಷ್ಟವಾಯಿತು. ನಿಮ್ಮ ಚಿತ್ರದಲ್ಲೂ ವಾಲಿದ್ದು ಚಂದ ಕಂಡರೆ ಬಿಟ್ಟುಬಿಡಿ, ಆದರೆ ಡ್ಯುಯೆಟ್ಟೋದ ಆ ಪಕ್ಕದ ಗೆರೆ ಓರೆಯಾದರೆ ನನಗೆ ಸಹಿಸಲಾಗುವುದಿಲ್ಲ.

ಕೆಂಪು ಬಣ್ಣ ಮುದ್ದೆಯಾಗಿದೆ

ಇಟಾಲಿಯನ್ ಕಾರು ಅಂದರೆ ಕೆಂಪು, ಹಳೇ ಕಾಲದ ರೇಸ್‌ನಲ್ಲಿ ಆ ದೇಶದ ಬಣ್ಣವೇ ಅದು. ಬಾಡಿಯ ಉಬ್ಬು-ತಗ್ಗು ಕಾಣದೆ ಬಾಗಿಲೆಲ್ಲಾ ಒಂದೇ ಕೆಂಪು ಬಳಿದ ಹಾಗಿದ್ದರೆ ಜನ ಅದನ್ನೂ ಶೇಕ್ ಅಂದುಕೊಳ್ಳುತ್ತಾರೆ. ಹಿಸ್ಟೋಗ್ರಾಂನಲ್ಲಿ, ಅಂದರೆ ಚಿತ್ರದ ಬೆಳಕು ಎಷ್ಟೆಷ್ಟಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆಯಲ್ಲಿ, ಬಿಳಿ ಗೆರೆ ಒಂದನ್ನೇ ನೋಡಿದರೆ ಎಲ್ಲಾ ಸರಿ ಅನ್ನಿಸುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ಹಾಕಿ. ಕೆಂಪು ಬಲ ಅಂಚಿಗೆ ಹೋಗಿ ಕೂತಿದ್ದರೆ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್‌ನಷ್ಟು ಇಳಿಸಿ, ರಾ ಫೈಲ್‌ನಲ್ಲಿ ತೆಗೆಯಿರಿ. ಕಲರ್ ಪ್ರೊಫೈಲ್ ವಿವಿಡ್ ಇದ್ದರೆ ನ್ಯೂಟ್ರಲ್‌ಗೆ ತನ್ನಿ, ಇಲ್ಲದಿದ್ದರೆ ಹಿಸ್ಟೋಗ್ರಾಂ ಇರುವುದಕ್ಕಿಂತ ಹೆಚ್ಚು ಕೆಂಪು ತೋರಿಸಿ ದಾರಿ ತಪ್ಪಿಸುತ್ತದೆ. ಇಷ್ಟು ಮಾಡಿ ಮತ್ತೆ 100% ಜೂಮ್ ಹಾಕಿದಾಗ ಪಕ್ಕದ ತಗ್ಗಿನಲ್ಲಿ ತಿಳಿ ಕೆಂಪಿನಿಂದ ಕಡು ಕೆಂಪಿಗೆ ಇಳಿಯುವ ನೆರಳು ಕಾಣಬೇಕು. ಕಾಣದಿದ್ದರೆ ಇನ್ನೂ ಕಾಲು ಸ್ಟಾಪ್ ಇಳಿಸಿ.